ಮತದ ಮೊದಲ ಪಾಠ ಮನೆಯಲ್ಲೇ ನಡೆಯುತ್ತದೆ

(ರಾಯಚೂರಿನಲ್ಲಿ ನಡೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸರಕಾರ ಮತ್ತು ಚುನಾವಣೆಯ ಕುರಿತು ಮಕ್ಕಳಿಗೆ ಮನೆಯಲ್ಲಿ ಹೇಗೆ ಕಲಿಸಬೇಕು ಎಂಬ ವಿಷಯವನ್ನು ನನಗೆ ವಹಿಸಲಾಗಿದೆ. ಈ ವಿಷಯ ಕೇಳಿದ ಸ್ನೇಹಿತರೊಬ್ಬರು, "ಅದಕ್ಕೆ ಶಾಲೆಯಲ್ಲಿ ಸಮಾಜ ವಿಜ್ಞಾನ ಇದೆಯಲ್ಲ, ಮನೆಯಲ್ಲೇಕೆ?" ಎಂದು ಕೇಳಿದರು. ನಾನು ಅವರಿಗೆ ಹೇಳಿದ್ದು ಇಷ್ಟೇ: ನಾವು ಕಲಿಸಲಿ, ಬಿಡಲಿ, ಮನೆ ಕಲಿಸುತ್ತಲೇ ಇರುತ್ತದೆ. ಚುನಾವಣೆಯ ಹಿಂದಿನ ರಾತ್ರಿಯನ್ನು ನೆನಪಿಸಿಕೊಳ್ಳಿ. ಯಾರೋ ಬಾಗಿಲು ತಟ್ಟುತ್ತಾರೆ. ತಂದೆ ಹೊರಗೆ ಹೋಗಿ ಪಿಸುಮಾತಿನಲ್ಲಿ ಏನೋ ಮಾತನಾಡಿ, ಕೈಯಲ್ಲೊಂದು ಲಕೋಟೆ ಹಿಡಿದು ಒಳಗೆ ಬರುತ್ತಾರೆ. "ನಮ್ಮ ಮನೆಯಲ್ಲಿ ನಾಲ್ಕು ವೋಟು" ಎನ್ನುತ್ತಾರೆ. ಗೋಡೆಗೆ ಒರಗಿ ಓದುತ್ತಿದ್ದ ಹತ್ತು ವರ್ಷದ ಮಗ ಇದನ್ನೆಲ್ಲ ನೋಡುತ್ತಿರುತ್ತಾನೆ. ಮತ ಎಂದರೆ ಅಮೂಲ್ಯವಾದುದು ಎಂದು ಅವನ ಪಠ್ಯಪುಸ್ತಕ ಬರೆದಿದೆ. ಅದಕ್ಕೆ ಬೆಲೆ ಎಷ್ಟು ಎಂಬುದನ್ನು ಮನೆ ಆ ರಾತ್ರಿ ತೋರಿಸಿಕೊಟ್ಟಿದೆ. ಮಗು ಯಾವುದನ್ನು ನಂಬುತ್ತದೆ?

ಮನೆಪಾಠ ಎಂದಾಗ ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿಕೊಳ್ಳಿ ಎಂದು ನಾನು ಖಂಡಿತ ಹೇಳುತ್ತಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು 2009ರ ಕಾಯಿದೆ ನೀಡಿದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 60ನ್ನೂ ಮುಟ್ಟಿರಲಿಲ್ಲ. ಇಂತಹ ಜಿಲ್ಲೆಯಲ್ಲಿ ಶಾಲೆ ಬೇಡ ಎನ್ನುವುದು ಅಪರಾಧವೇ ಸರಿ. ಆದರೆ ಶಾಲೆಯ ಜೊತೆಗೆ ಮನೆಯೂ ಕಲಿಸಬೇಕು. ಹಿಫ್ಜ್ ಮಾಡಲು ಹೋಗಿ ಕೆಲವು ವರ್ಷ ಶಾಲೆಯಿಂದ ದೂರವಾದ ಹುಡುಗರು ನಮ್ಮಲ್ಲಿದ್ದಾರೆ. ಹತ್ತನೆಯ ತರಗತಿಗೇ ಓದು ನಿಲ್ಲಿಸಿ ಮನೆಯಲ್ಲಿರುವ ಹುಡುಗಿಯರಿದ್ದಾರೆ. ಅವರಿಗೆ ಮನೆಯೊಂದೇ ಶಾಲೆ.

ನನ್ನದೇ ಉದಾಹರಣೆ ಹೇಳುತ್ತೇನೆ. ಮದ್ರಸದಲ್ಲಿ ಓದುವಾಗ ಖಲೀಫರ ಆಯ್ಕೆ ಹೇಗೆ ನಡೆಯಿತು, ಬೈತುಲ್ ಮಾಲ್‌ನ ಹಣಕ್ಕೆ ಯಾರು ಉತ್ತರದಾಯಿ, ಆಡಳಿತಗಾರನನ್ನು ಸಾಮಾನ್ಯನೊಬ್ಬ ಹೇಗೆ ಪ್ರಶ್ನಿಸಿದ ಎಂಬುದನ್ನೆಲ್ಲ ಕಲಿತೆ. ಅದು ದೊಡ್ಡ ಸಂಪತ್ತು. ಆದರೆ ನಮ್ಮ ವಾರ್ಡಿನ ಸದಸ್ಯ ಯಾರು, ಪುರಸಭೆಯ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಬಿ.ಎ. ತರಗತಿಗೆ ಬಂದು ಸಂವಿಧಾನ ಓದಿದಾಗಲೇ, ನಾನು ಕಲಿತ ಉತ್ತರದಾಯಿತ್ವದ ಪಾಠ ನನ್ನ ಬೀದಿಗೂ ಅನ್ವಯಿಸುತ್ತದೆ ಎಂದು ಹೊಳೆದದ್ದು. 2013ರ ವಿಧಾನಸಭಾ ಚುನಾವಣೆಯಲ್ಲಿ ಮೊದಲ ಬಾರಿಗೆ ಮತ ಹಾಕಲೆಂದು ಹೊಸ ಅಂಗಿ ಧರಿಸಿ ಹೋದೆ. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನಾವು ಮನೆ ಬದಲಿಸಿದ್ದೆವು, ಅರ್ಜಿಯನ್ನೇ ಹಾಕಿರಲಿಲ್ಲ. ತಪ್ಪು ಯಾರದೂ ಅಲ್ಲ, ನನ್ನದೇ. ಬಿಸಿಲಲ್ಲಿ ಮರಳಿ ಬರುವಾಗ ಅನಿಸಿದ್ದು ಒಂದೇ: ಇಷ್ಟೆಲ್ಲ ಓದಿದ ನನಗೆ ಈ ಸಣ್ಣ ವಿಷಯವನ್ನು ಯಾರೂ ಹೇಳಲಿಲ್ಲವಲ್ಲ!

ಹಾಗಾದರೆ ಪಾಠವನ್ನು ಎಲ್ಲಿಂದ ಆರಂಭಿಸಬೇಕು? ದಿಲ್ಲಿಯಿಂದ ಬೇಡ. ಮನೆಯ ನಳದಿಂದ ಆರಂಭಿಸಿ.

2022ರ ಬೇಸಿಗೆಯ ಕೊನೆಯಲ್ಲಿ ಈ ರಾಯಚೂರು ನಗರದಲ್ಲಿ ಏನಾಯಿತೆಂಬುದನ್ನು ನೀವು ಮರೆತಿಲ್ಲ. ನಳದಲ್ಲಿ ಬಂದ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ಒಂದು ಬದಿಯಲ್ಲಿ ಕೃಷ್ಣೆ, ಇನ್ನೊಂದು ಬದಿಯಲ್ಲಿ ತುಂಗಭದ್ರೆ ಹರಿಯುವ ಜಿಲ್ಲೆಯ ಕೇಂದ್ರದಲ್ಲಿ ಜನ ನೀರು ಕುಡಿದು ಸತ್ತರು! ಈ ಘಟನೆಯನ್ನು ಮಕ್ಕಳಿಗೆ ಹೇಳಿ, ಬಳಿಕ ಕೇಳಿ: ಈ ನೀರನ್ನು ಯಾರು ಕೊಡುತ್ತಾರೆ? ಶುದ್ಧೀಕರಣ ಯಾರ ಹೊಣೆ? ಅವರನ್ನು ಆರಿಸಿದವರು ಯಾರು? ಮಗು ತಾನಾಗಿಯೇ ಸ್ಥಳೀಯ ಆಡಳಿತದ ಬಾಗಿಲಿಗೆ ಬಂದು ನಿಲ್ಲುತ್ತದೆ. "ಸ್ಥಳೀಯ ಸಂಸ್ಥೆಗಳ ಕಾರ್ಯಗಳನ್ನು ಪಟ್ಟಿ ಮಾಡಿ" ಎಂಬ ಪರೀಕ್ಷೆಯ ಪ್ರಶ್ನೆಗೆ ಆಗ ಜೀವ ಬರುತ್ತದೆ.

ಒಂದು ನೋಟುಪುಸ್ತಕದಲ್ಲಿ ಮೂರು ಕಾಲಂ ಎಳೆಯಿರಿ: ಊರಿನ ಆಡಳಿತ, ರಾಜ್ಯ ಸರಕಾರ, ಕೇಂದ್ರ ಸರಕಾರ. ದಿನವೂ ಕಣ್ಣಿಗೆ ಬೀಳುವ ಒಂದೊಂದು ವಿಷಯವನ್ನು ಸರಿಯಾದ ಕಾಲಮ್ಮಿನಲ್ಲಿ ಮಗುವೇ ಬರೆಯಲಿ. ಚರಂಡಿ, ಬೀದಿದೀಪ, ಕಸ ಊರಿನ ಆಡಳಿತಕ್ಕೆ. ಪೊಲೀಸ್ ಠಾಣೆ ರಾಜ್ಯಕ್ಕೆ. ರೈಲು ನಿಲ್ದಾಣ, ಅಂಚೆ ಕಚೇರಿ ಕೇಂದ್ರಕ್ಕೆ. ಕೆಲವು ವಿಷಯಗಳು ಒಂದೇ ಕಾಲಮ್ಮಿನಲ್ಲಿ ಕೂರುವುದಿಲ್ಲ. ಪಾಠ ರುಚಿಸುವುದು ಅಲ್ಲಿಯೇ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ನಡೆಯಿತು. ರಾಜ್ಯ ಶಿಫಾರಸು ಮಾಡಬಹುದು, ಮಂಜೂರು ಮಾಡಬೇಕಾದದ್ದು ಕೇಂದ್ರ. ಯಾರ ಮುಂದೆ ಏನು ಕೇಳಬೇಕೆಂದು ತಿಳಿಯದವನನ್ನು ಇಬ್ಬರೂ ಪರಸ್ಪರರ ಕಡೆಗೆ ಬೆರಳು ತೋರಿಸಿ ಮನೆಗೆ ಕಳಿಸುತ್ತಾರೆ.

ಮಾನ್ವಿಯ ಪಾಲಕರಿಗೆ ಕಾಲುವೆಗಿಂತ ದೊಡ್ಡ ಪಠ್ಯಪುಸ್ತಕ ಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪದ ಕಷ್ಟ ಅಲ್ಲಿನ ಪ್ರತಿ ಮನೆಗೂ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿ ಹೋದಾಗ ಭತ್ತದ ರೈತರು ನಿದ್ದೆಗೆಟ್ಟರು. ಅಣೆಕಟ್ಟೆ ತುಂಗಭದ್ರಾ ಮಂಡಳಿಯ ಅಧೀನದಲ್ಲಿದೆ, ನೀರಿನಲ್ಲಿ ನೆರೆ ರಾಜ್ಯಗಳಿಗೂ ಪಾಲಿದೆ, ಕಾಲುವೆಗೆ ಯಾವಾಗ ನೀರು ಬಿಡಬೇಕೆಂಬ ಚರ್ಚೆ ನೀರಾವರಿ ಸಲಹಾ ಸಮಿತಿಯಲ್ಲಿ ನಡೆಯುತ್ತದೆ. ನಮ್ಮ ಹೊಲದ ನೀರು ಎಷ್ಟು ಕೈಗಳನ್ನು ದಾಟಿ ಬರುತ್ತದೆಂದು ತಿಳಿದ ಮಗುವಿಗೆ ಒಕ್ಕೂಟ ವ್ಯವಸ್ಥೆಯನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ದೇವದುರ್ಗದವರು ನಾರಾಯಣಪುರ ಬಲದಂಡೆ ಕಾಲುವೆಯಿಂದ ಇದೇ ಪಾಠವನ್ನು ಆರಂಭಿಸಬಹುದು.

ಎರಡನೆಯ ಪಾಠ ಮನೆಯ ಹಿರಿಯರ ಬಾಯಿಂದ ಬರಲಿ. ಮತದಾನವೆಂಬುದು ಸೂರ್ಯೋದಯದಂತೆ ತಾನಾಗಿ ಬಂದುದಲ್ಲ. ಈ ನೆಲ ನಿಜಾಮರ ಆಳ್ವಿಕೆಯಲ್ಲಿತ್ತು. ಆಳುವವರನ್ನು ನಮ್ಮ ಮುತ್ತಜ್ಜಂದಿರು ಆರಿಸಿರಲಿಲ್ಲ. ಆಳುವವನು ನಮ್ಮ ಧರ್ಮದವನೆಂಬ ಮಾತ್ರಕ್ಕೆ ಪ್ರಜೆಗೆ ಪ್ರಶ್ನಿಸುವ ಹಕ್ಕು ಬರುವುದಿಲ್ಲ ಎಂಬುದನ್ನೂ ಮಕ್ಕಳಿಗೆ ನಿಸ್ಸಂಕೋಚವಾಗಿ ಹೇಳಬೇಕು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದ ಆಳ್ವಿಕೆ ಕೊನೆಗೊಂಡಿತು. ಆ ದಿನಗಳ ನೋವು ಅನೇಕ ಮನೆಗಳ ನೆನಪಿನಲ್ಲಿದೆ. ಆದರೆ ಮುಂದಿನ ನಾಲ್ಕು ವರ್ಷಗಳೊಳಗೆ, ದೇಶದ ಮೊದಲ ಮಹಾಚುನಾವಣೆಯಲ್ಲಿ, ಅದೇ ನೆಲದ ಬಡವ ಬಲ್ಲಿದ, ಗಂಡು ಹೆಣ್ಣು, ಹಿಂದೂ ಮುಸ್ಲಿಮರೆಲ್ಲರೂ ಒಂದೇ ಸಾಲಿನಲ್ಲಿ ನಿಂತು ಸಮಾನ ತೂಕದ ಮತ ಹಾಕಿದರು. ನೋವು ಉಂಡ ಜನ ಮತಪೆಟ್ಟಿಗೆಯ ಮೇಲೆ ವಿಶ್ವಾಸವಿಟ್ಟರು. ಇದು ಸಣ್ಣ ಮಾತಲ್ಲ. 1956ರ ನವೆಂಬರ್ 1ರಂದು ರಾಯಚೂರು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಹಿಂದುಳಿದಿರುವಿಕೆಯ ಕಾರಣಕ್ಕೆ 2012ರ 98ನೇ ಸಂವಿಧಾನ ತಿದ್ದುಪಡಿಯ ಮೂಲಕ 371ಜೆ ವಿಧಿ ಬಂತು. ನಮ್ಮ ಭಾಗದ ಯುವಕರು ಶಿಕ್ಷಣ ಮತ್ತು ಉದ್ಯೋಗದಲ್ಲಿ ಇಂದು ಪಡೆಯುವ ಮೀಸಲು ಸೌಲಭ್ಯ, ಜನ ದೀರ್ಘಕಾಲ ಕೇಳಿ ಪಡೆದದ್ದು.

ಇದೇ ಪಾಠದಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರು ಬರಲೇಬೇಕು. 1980ರ ದಶಕದಲ್ಲಿ ಕರ್ನಾಟಕದ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರನ್ನು, ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಡಿಸಿದ ಕಾರಣಕ್ಕೆ ಜನ ಪ್ರೀತಿಯಿಂದ 'ನೀರ್ ಸಾಬ್' ಎಂದರು. 1983ರ ಪಂಚಾಯತ್ ಕಾಯಿದೆಯ ಹಿಂದೆ ಅವರ ಶ್ರಮವಿತ್ತು. ಅದರಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ್ ಚುನಾವಣೆಗಳು ನಡೆದವು, ಮಹಿಳೆಯರಿಗೆ ಶೇಕಡಾ 25 ಸ್ಥಾನಗಳು ಮೀಸಲಾದವು. 1992ರ 73ನೇ ತಿದ್ದುಪಡಿ ಇಡೀ ದೇಶಕ್ಕೆ ಪಂಚಾಯತ್ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ ಮೊದಲೇ ಕರ್ನಾಟಕ ಆ ದಾರಿಯಲ್ಲಿ ನಡೆದಿತ್ತು. ಅವರು ಮುಸ್ಲಿಮರಿಗೆ ಮಾತ್ರ ನೀರು ಕೊಡಲಿಲ್ಲ, ಎಲ್ಲರಿಗೂ ಕೊಟ್ಟರು. ನಮ್ಮ ಮಕ್ಕಳ ಮುಂದೆ ಇಡಬೇಕಾದ ಮಾದರಿ ಇದು.

ಮೂರನೆಯ ಪಾಠ ಮತದಾರರ ಪಟ್ಟಿ. ಮೊದಲ ಮಹಾಚುನಾವಣೆಯ ಹೊತ್ತಿಗೆ ಉತ್ತರದ ಹಲವು ಪ್ರಾಂತ್ಯಗಳಲ್ಲಿ ಹೆಂಗಸರು ಅಪರಿಚಿತರ ಮುಂದೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪದ ಕಾರಣ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳು ಪಟ್ಟಿಯಿಂದ ಹೊರಗುಳಿದವು. ಮತದಾನದ ಹಕ್ಕಿಗೆ ಮೊದಲು ಹೆಸರು ಬೇಕು. ಇಂದೂ ನಮ್ಮ ಮನೆಗಳಲ್ಲಿ ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲೂ ಇಲ್ಲ, ಇಲ್ಲಿನ ಪಟ್ಟಿಯಲ್ಲೂ ಇಲ್ಲ ಎಂಬ ಸ್ಥಿತಿ ಎಷ್ಟು ಕಡೆ ಇಲ್ಲ? ಒಂದು ದಾಖಲೆಯಲ್ಲಿ ಬೇಗಂ, ಇನ್ನೊಂದರಲ್ಲಿ ಬಿ, ಮತ್ತೊಂದರಲ್ಲಿ ಕಾಗುಣಿತವೇ ಬೇರೆ.

ಕಲಬುರಗಿ ಜಿಲ್ಲೆಯ ಆಳಂದದ ಪ್ರಕರಣವನ್ನು ಮಕ್ಕಳಿಗೆ ಹೇಳಿ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆದುಹಾಕಲು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದುದು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು, ಪೊಲೀಸ್ ಪ್ರಕರಣವೂ ದಾಖಲಾಯಿತು. ದೂರು ಬಂದು ಪರಿಶೀಲನೆ ನಡೆದುದರಿಂದ ಹೆಸರುಗಳು ಉಳಿದವು. ಇದನ್ನು ಭಯ ಹುಟ್ಟಿಸಲು ಹೇಳುತ್ತಿಲ್ಲ. ಎಚ್ಚರವಿದ್ದರೆ ಹಕ್ಕು ಉಳಿಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಆದ್ದರಿಂದ ಪಟ್ಟಿ ಓದುವ ಕೆಲಸವನ್ನು ಮಕ್ಕಳಿಗೆ ವಹಿಸಿ. ಕನ್ನಡ ಚೆನ್ನಾಗಿ ಓದಬಲ್ಲ ಮಗಳು ಮನೆಯವರ, ಅಕ್ಕಪಕ್ಕದವರ ಹೆಸರು, ವಯಸ್ಸು, ಮನೆ ಸಂಖ್ಯೆಗಳನ್ನು ಪರಿಶೀಲಿಸಲಿ. ಹೊಸ ಹೆಸರು ಸೇರಿಸಲು ನಮೂನೆ 6, ತೆಗೆಯಲು ಅಥವಾ ಆಕ್ಷೇಪಿಸಲು ನಮೂನೆ 7, ತಿದ್ದುಪಡಿ ಮತ್ತು ಮನೆ ಬದಲಾವಣೆಗೆ ನಮೂನೆ 8 ಎಂಬುದು ಹದಿನಾರು ವರ್ಷದ ಮಕ್ಕಳಿಗೆ ಬಾಯಿಪಾಠವಾಗಲಿ. ಮೊದಲು ಜನವರಿ 1 ಮಾತ್ರ ಅರ್ಹತಾ ದಿನವಾಗಿತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಎಂಬ ನಾಲ್ಕು ದಿನಗಳಾಗಿವೆ, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಮಗಳ ಹದಿನೆಂಟನೆಯ ವರ್ಷಕ್ಕೆ ನಾವು ಏನೇನೋ ಸಿದ್ಧತೆ ಮಾಡುತ್ತೇವೆ. ಈ ಒಂದು ಅರ್ಜಿಯೂ ಆ ಸಿದ್ಧತೆಯಲ್ಲಿರಲಿ.

ನಾಲ್ಕನೆಯದು ಆಟದ ಪಾಠ. ಮನೆಯಲ್ಲೊಂದು ಚುನಾವಣೆ ನಡೆಸಿ. ರಜೆಯಲ್ಲಿ ಎಲ್ಲಿಗೆ ಹೋಗಬೇಕು, ಈದ್‌ನ ಮರುದಿನ ಏನು ಅಡುಗೆ ಎಂಬ ವಿಷಯ ಸಾಕು. ಅಭ್ಯರ್ಥಿಗಳು ತಮ್ಮ ಮಾತು ಹೇಳಲಿ. ರಟ್ಟಿನ ಪೆಟ್ಟಿಗೆಗೆ ಚೀಟಿ ಹಾಕಿಸಿ. ಮತದಾನದಂದು ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮದೇ ಮೈಸೂರಿನಲ್ಲಿ, 1937ರಲ್ಲಿ ಸ್ಥಾಪನೆಯಾದ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆಯಲ್ಲಿ ಎಂದು ಹೇಳಿದರೆ ಮಕ್ಕಳ ಮುಖ ಅರಳುತ್ತದೆ. ಎಣಿಕೆಯನ್ನು ಎಲ್ಲರ ಎದುರಿನಲ್ಲೇ ಮಾಡಿ. ಸೋತವನು ಗೆದ್ದವನ ಕೈಕುಲುಕಲಿ. ಗೆದ್ದವನು, ಸೋತವರನ್ನೂ ಕರೆದುಕೊಂಡೇ ಹೋಗಬೇಕೆಂದು ಅರಿಯಲಿ. ಬಹುಮತ ಎಂದರೆ ಉಳಿದವರನ್ನು ತುಳಿಯುವ ಪರವಾನಗಿ ಅಲ್ಲ ಎಂಬ ಪಾಠ, ಅಲ್ಪಸಂಖ್ಯಾತರಾದ ನಮಗಿಂತ ಹೆಚ್ಚಾಗಿ ಇನ್ನಾರಿಗೆ ಬೇಕು? ಅದನ್ನು ನಮ್ಮ ಮನೆಯೊಳಗೆ ನಾವು ಪಾಲಿಸದೆ ಹೊರಗಿನವರಿಂದ ನಿರೀಕ್ಷಿಸುವುದು ಹೇಗೆ?

ಈ ಆಟದಲ್ಲಿ ಒಂದು ನಿಯಮ ಕಟ್ಟುನಿಟ್ಟಾಗಿರಲಿ. ಯಾರು ಯಾರಿಗೆ ಮತ ಹಾಕಿದರೆಂದು ಯಾರೂ ಕೇಳಬಾರದು. ಇಲ್ಲಿ ತಂದೆಯರೊಂದಿಗೆ, ಅಣ್ಣಂದಿರೊಂದಿಗೆ ನನಗೆ ನೇರವಾದ ಮಾತಿದೆ. "ನಮ್ಮ ಮನೆಯಲ್ಲಿ ನಾಲ್ಕು ವೋಟು" ಎಂಬ ಮಾತೇ ತಪ್ಪು. ಮನೆಯಲ್ಲಿ ನಾಲ್ವರು ಮತದಾರರಿದ್ದಾರೆ. ಗುಪ್ತ ಮತದಾನದ ವ್ಯವಸ್ಥೆಯನ್ನು ಕಾನೂನು ಮಾಡಿರುವುದು ಪಕ್ಷದ ಕಾರ್ಯಕರ್ತನಿಂದ ಮಾತ್ರ ರಕ್ಷಿಸಲು ಅಲ್ಲ. ಗಂಡನಿಂದ, ಅತ್ತೆಯಿಂದ, ಜಮಾತಿನ ಹಿರಿಯರಿಂದಲೂ. ಚರ್ಚಿಸಿ, ಅಭಿಪ್ರಾಯ ಹೇಳಿ, ಮನವೊಲಿಸಿ. ಆದರೆ ಗುಂಡಿ ಒತ್ತುವ ಕ್ಷಣದಲ್ಲಿ ಅವಳು ಏಕಾಂಗಿ. ಮತ ಎಂಬುದು ಸಾಕ್ಷ್ಯ ಎಂದು ನಮ್ಮ ವಿದ್ವಾಂಸರು ವಿವರಿಸಿದ್ದಾರೆ. ಒಬ್ಬರ ಸಾಕ್ಷ್ಯವನ್ನು ಇನ್ನೊಬ್ಬರು ನುಡಿಯಲು ಬರುತ್ತದೆಯೇ? ಸಾಕ್ಷ್ಯವನ್ನು ಲಕೋಟೆಗೆ ಮಾರಲು ಬರುತ್ತದೆಯೇ? ಮತಕ್ಕಾಗಿ ಹಣ ಕೊಡುವುದಷ್ಟೇ ಅಲ್ಲ, ಪಡೆಯುವುದೂ ಈ ದೇಶದ ಕಾನೂನಿನಲ್ಲಿ ಅಪರಾಧ.

ಇನ್ನು ಮಕ್ಕಳು ಕೇಳುವ ಕಠಿಣ ಪ್ರಶ್ನೆಗಳು. ದೇವದುರ್ಗದ, ಮಾನ್ವಿಯ ಹುಡುಗ ಒಂದಲ್ಲ ಒಂದು ದಿನ ಕೇಳುತ್ತಾನೆ: "ಅಬ್ಬಾ, ನಾನು ದೊಡ್ಡವನಾದ ಮೇಲೆ ನಮ್ಮ ಊರಿನ ಶಾಸಕನಾಗಬಹುದೇ?" 2008ರ ಕ್ಷೇತ್ರ ಮರುವಿಂಗಡಣೆಯ ನಂತರ ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮೀಣ, ಮಸ್ಕಿ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ, ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲಾಗಿವೆ. ರಾಯಚೂರು ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಂದರೆ ಜಿಲ್ಲೆಯ 7 ವಿಧಾನಸಭಾ ಕ್ಷೇತ್ರಗಳಲ್ಲಿ ರಾಯಚೂರು ನಗರ ಮತ್ತು ಸಿಂಧನೂರು ಮಾತ್ರ ಸಾಮಾನ್ಯ. ಈ ಪ್ರಶ್ನೆಯನ್ನು ಜಾರಿಸಬೇಡಿ, "ನಮಗೆ ಅನ್ಯಾಯ" ಎಂದು ಕಹಿಯನ್ನೂ ತುಂಬಬೇಡಿ. ಶತಮಾನಗಳ ಕಾಲ ಅಧಿಕಾರದ ಬಾಗಿಲಿನಿಂದ ಹೊರಗಿದ್ದ ಸಮುದಾಯಗಳಿಗೆ ಸಂವಿಧಾನ ಕೊಟ್ಟ ಸ್ಥಾನ ಅದು ಎಂದು ಮೊದಲು ವಿವರಿಸಿ. ಕ್ಷೇತ್ರಗಳನ್ನು ಗುರುತಿಸುವ ಕ್ರಮದ ಬಗ್ಗೆ ಪ್ರಶ್ನೆಗಳಿರಬಹುದು. 2006ರ ಸಾಚಾರ್ ಸಮಿತಿ ವರದಿಯೂ ಮುಸ್ಲಿಮರು ಹೆಚ್ಚಿರುವ ಕೆಲವು ಮೀಸಲು ಕ್ಷೇತ್ರಗಳ ವಿಚಾರವನ್ನು ಎತ್ತಿತ್ತು. ಅವುಗಳನ್ನು ಕಾನೂನಿನ ದಾರಿಯಲ್ಲಿ ಕೇಳಬಹುದು. ಆದರೆ ಮತದಾರನಾಗಿ ನಿನ್ನ ಹಕ್ಕು ಎಳ್ಳಷ್ಟೂ ಕಡಿಮೆಯಾಗಿಲ್ಲ, ಗೆದ್ದ ನಾಯಕ ಸಮುದಾಯದ ಶಾಸಕ ನಿನಗೂ ಶಾಸಕ, ನಿನ್ನ ಚರಂಡಿಯ ಪ್ರಶ್ನೆಗೂ ಅವನೇ ಉತ್ತರಿಸಬೇಕು ಎಂದು ಹೇಳಿ. "ನಮ್ಮವನು" ಎಂದರೆ ನಮ್ಮ ಧರ್ಮದವನು ಎಂಬ ಅರ್ಥವನ್ನು ಬಿಟ್ಟು, ನಮ್ಮ ಕೆಲಸ ಮಾಡುವವನು ಎಂಬ ಅರ್ಥವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

"ಆರಿಸಿದ ಮೇಲೆ ಅವರು ನಮ್ಮ ಮಾತು ಕೇಳುತ್ತಾರೆಯೇ?" ಎಂಬುದು ಇನ್ನೊಂದು ಪ್ರಶ್ನೆ. ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಶಾಸಕರ ನಿಧನದಿಂದ ತೆರವಾದ ದೇವದುರ್ಗಕ್ಕೆ 2016ರಲ್ಲಿ ಉಪಚುನಾವಣೆ ನಡೆಯಿತು. ಮಸ್ಕಿಯಲ್ಲಿ 2021ರಲ್ಲಿ ನಡೆದುದು ಬೇರೆ ಕಾರಣಕ್ಕೆ. ಗೆದ್ದ ಶಾಸಕರು ಪಕ್ಷ ತೊರೆದು ಇನ್ನೊಂದು ಪಕ್ಷದಿಂದ ಮತ್ತೆ ಮತ ಕೇಳಲು ಬಂದರು, ಮತದಾರರು ಅವರನ್ನು ಸೋಲಿಸಿದರು. ಸ್ಥಾನ ಅಭ್ಯರ್ಥಿಯ ಆಸ್ತಿಯಲ್ಲ, ಮತದಾರ ಕೊಟ್ಟ ಅಮಾನತ್ತು ಎಂಬುದು ಇಷ್ಟರಿಂದಲೇ ಮಗುವಿಗೆ ಅರ್ಥವಾಗುತ್ತದೆ.

ಕೊನೆಯ ಪಾಠ, ಚುನಾವಣೆಗಳ ನಡುವಿನ ಐದು ವರ್ಷ. ಸುತ್ತಲಿನ ಹಳ್ಳಿಗಳ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುವ ಪದ್ಧತಿಯಿದೆ. ಕುಂದಾಪುರ ಕಡೆಯ ಕೆರಾಡಿಯಂತಹ ಹಳ್ಳಿಗಳಲ್ಲಿ 1990ರ ದಶಕದಲ್ಲಿಯೇ ದುಡಿಯುವ ಮಕ್ಕಳು ಸೇರಿ ಮಕ್ಕಳ ಪಂಚಾಯತ್ ಕಟ್ಟಿ, ತಮ್ಮ ಊರಿನ ಸಮಸ್ಯೆಗಳನ್ನು ದೊಡ್ಡವರ ಮುಂದಿಟ್ಟರು. ಪಟ್ಟಣದ ನಮ್ಮ ಮಕ್ಕಳಿಗೆ ಅಂತಹ ಸಭೆ ಇಲ್ಲದಿದ್ದರೇನು? ಬೀದಿದೀಪ ಕೆಟ್ಟಿದೆ ಎಂದು ಪುರಸಭೆಗೆ ಒಂದು ಅರ್ಜಿ ಬರೆಯಲಿ. ಮಗ ಬರೆಯಲಿ, ತಂದೆ ಸಹಿ ಹಾಕಲಿ, ಇಬ್ಬರೂ ಹೋಗಿ ಕೊಟ್ಟು ಸ್ವೀಕೃತಿ ಪಡೆಯಲಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಇನ್ನೊಂದು ಅರ್ಜಿ ಹಾಕಲಿ. ದೀಪ ಉರಿದ ದಿನ ಆ ಹುಡುಗ ಕಲಿಯುವುದನ್ನು ಯಾವ ಪುಸ್ತಕವೂ ಕಲಿಸಲಾರದು. ದೀಪ ಉರಿಯದಿದ್ದರೆ, ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವವರನ್ನು ಏನು ಕೇಳಬೇಕೆಂದು ಅವನಿಗೆ ಗೊತ್ತಿರುತ್ತದೆ.

ಸಹೋದರರೇ, ಸಹೋದರಿಯರೇ, ಇದಕ್ಕೆ ಹಣ ಬೇಕಿಲ್ಲ, ಪದವಿ ಬೇಕಿಲ್ಲ. ವಾರಕ್ಕೊಂದು ಗಂಟೆ, ಒಂದು ನೋಟುಪುಸ್ತಕ, ಮನೆಯಲ್ಲಿ ಒಬ್ಬರ ಸಹನೆ ಸಾಕು. ಆದರೆ ಇದೆಲ್ಲವನ್ನೂ ಒಂದು ಲಕೋಟೆ ಒಂದೇ ರಾತ್ರಿಯಲ್ಲಿ ಅಳಿಸಿಹಾಕಬಲ್ಲದು ಎಂಬುದನ್ನು ಮರೆಯಬೇಡಿ. ಮುಂದಿನ ಚುನಾವಣೆಯ ಹಿಂದಿನ ರಾತ್ರಿ ಬಾಗಿಲು ಮತ್ತೆ ತಟ್ಟುತ್ತದೆ. ಆಗಲೂ ಒಬ್ಬ ಮಗ, ಒಬ್ಬ ಮಗಳು ಗೋಡೆಗೆ ಒರಗಿ ನೋಡುತ್ತಿರುತ್ತಾರೆ. ಬರಿಗೈಯಲ್ಲಿ ಬಾಗಿಲು ಮುಚ್ಚಿ ಒಳಗೆ ಬನ್ನಿ. ಅದೇ ನಿಮ್ಮ ಪಾಠ. ಅಲ್ಲಾಹನು ನಮಗೆಲ್ಲರಿಗೂ ಆ ಬಲ ನೀಡಲಿ.